ಪ್ರತಿಕ್ರಿಯೆ: ಒತ್ತಿ ಒಣಗಿಸಿದ ಹೆಬನೇರಿಯಾ ಯಾವ ಕೀಗೂ ಹೊಂದುತ್ತಿಲ್ಲ

ಚಾರ್ಮಾಡಿಯ ನಿಮ್ಮ ಹೆಬನೇರಿಯಾ (ನೆಲದಲ್ಲಿ ಬೆಳೆಯುವ ಆರ್ಕಿಡ್) ಮಾದರಿ ಯಾವ ಕೀಗೂ (ಲಕ್ಷಣ ನೋಡುತ್ತಾ ಹೆಸರು ಹುಡುಕುವ ಪಟ್ಟಿ) ಹೊಂದುತ್ತಿಲ್ಲವೆಂದು ಅದನ್ನು ಹೊಸ ಪ್ರಭೇದ ಎನ್ನುವ ಮೊದಲು ಹೂವನ್ನು ನೋಡಿ. ಒತ್ತಿದಾಗ ತುಟಿದಳದ (ತುಟಿಯಂತೆ ಚಾಚಿದ ದಳ) ಮೂರು ಸೀಳುಗಳು ಅಂಟಿಕೊಂಡು ಒಂದೇ ಆಗಿ ಕಾಣುತ್ತಿರಬಹುದು. ಫೋಟೋ ಇಲ್ಲದೆ ಖಚಿತವಾಗಿ ಹೇಳಲಾರೆ.

ಒಂದೇ ಹೂ ಬಿಡಿಸಿ, ಪಾತ್ರೆ ತೊಳೆಯುವ ಸೋಪು ಒಂದು ತೊಟ್ಟು ಬೆರೆಸಿದ ಬಿಸಿನೀರಲ್ಲಿ ಮೆತ್ತಗಾಗುವವರೆಗೆ ನೆನೆಸಿ. ಗಾಜಿನ ಮೇಲೆ ನೀರಿನ ಹನಿಯಲ್ಲೇ ಇಟ್ಟು ಸೂಜಿಯಿಂದ ಸೀಳುಗಳನ್ನು ಬಿಡಿಸಿ. ಒಣಗಿದ್ದಾಗ ಎಳೆದರೆ ಬುಡದಲ್ಲೇ ಮುರಿಯುತ್ತವೆ. ಪಕ್ಕದ ಸೀಳುಗಳ ಅಂಚು ನಯವೋ ಕುಚ್ಚು ಕುಚ್ಚೋ, ಹಿಂದಿನ ಮಧುನಾಳ ಅಂಡಾಶಯಕ್ಕಿಂತ ಉದ್ದವೋ ಗಿಡ್ಡವೋ ಅಳೆದು ಕೀಯನ್ನು ಮೊದಲಿನಿಂದ ಹಿಡಿಯಿರಿ.

ಆಗಲೂ ಸಿಗದಿದ್ದರೆ ಹರ್ಬೇರಿಯಮ್ಮಿನ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಟೈಪ್ ಮಾದರಿಗಳೊಂದಿಗೆ (ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾದ ಮೂಲ ಮಾದರಿಗಳು) ಹೋಲಿಸದೆ ಹೆಸರಿಡಬೇಡಿ.

ಮುಂದಿನ ಮಳೆಗಾಲದಲ್ಲಿ ಅನುಮತಿ ಪಡೆದು ಎರಡು ಹೂ ಶೇ. 70ರ ಆಲ್ಕೋಹಾಲಿನಲ್ಲಿಡಿ. ಬಣ್ಣ ಮೊದಲೇ ಬರೆದುಕೊಳ್ಳಿ, ಅದರಲ್ಲಿ ಉಳಿಯುವುದಿಲ್ಲ. ಗಿಡ ಕಡಿಮೆಯಿದ್ದರೆ ಗೆಡ್ಡೆ ದಯವಿಟ್ಟು ಕೀಳಬೇಡಿ.