ಪ್ರವಾಸ ಪ್ರಶ್ನೋತ್ತರ: ವಿಮಾನದ ಊಟ, ಐಫೆಲ್ ಗೋಪುರದ ಹೆಸರುಗಳು, ರಾಯಚೂರು ಕೋಟೆಯ ಉದ್ದನೆ ಕಲ್ಲು

ಪ್ರಶ್ನೆ: ಅತ್ತೆ-ಮಾವ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ. ಹೈದರಾಬಾದ್‌ನಿಂದ ದುಬೈಗೆ, ನನ್ನ ಮೈದುನನ ಮನೆಗೆ. ಇಬ್ಬರೂ ಪಕ್ಕಾ ಸಸ್ಯಾಹಾರಿಗಳು, ಮಾವನಿಗೆ ಶುಗರ್ ಬೇರೆ ಇದೆ. ವಿಮಾನದ ಊಟಕ್ಕೆ ರುಚಿಯೇ ಇರೋದಿಲ್ಲ ಅಂತಾನೆ ಮೈದುನ. ರೊಟ್ಟಿ, ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ ಕಟ್ಟಿ ಕೊಡಬಹುದಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಧಾರಾಳವಾಗಿ ಕಟ್ಟಿ ಕೊಡಿ ಅಕ್ಕ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಲ್ಲ ಒಣ ಪದಾರ್ಥ, ಕೈಚೀಲದಲ್ಲೇ ಹೋಗುತ್ತವೆ. ಹಿಂಡಿಯನ್ನು ಸಣ್ಣ ಪೊಟ್ಟಣ ಮಾಡಿ, ತಪಾಸಣೆಯವರು ಕೇಳಿದರೆ ಬಿಚ್ಚಿ ತೋರಿಸೋಕೆ ಆಗುವಂತೆ ಮೇಲೇ ಇಡಿ. ಮೊಸರು, ತುಪ್ಪ, ಎಣ್ಣೆ ತೇಲುವ ಉಪ್ಪಿನಕಾಯಿ ಮಾತ್ರ ಕೈಚೀಲಕ್ಕೆ ಬೇಡ. ವಿದೇಶಕ್ಕೆ ಹೋಗುವ ವಿಮಾನದಲ್ಲಿ ಇಂಥ ಪದಾರ್ಥ ಒಂದು ಡಬ್ಬಿಯಲ್ಲಿ 100 ಮಿಲಿ ಲೀಟರ್ ಮೀರುವಂತಿಲ್ಲ. ಉಪ್ಪಿನಕಾಯಿಯನ್ನು ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿ, ಎರಡು ಕವರ್ ಸುತ್ತಿ, ದೊಡ್ಡ ಲಗೇಜಿಗೆ ಹಾಕಿ. ಒಣ ಕೊಬ್ಬರಿ ಬೇಡವೇ ಬೇಡ. ಅದರ ಎಣ್ಣೆಯಿಂದ ಬೆಂಕಿ ಹತ್ತುವ ಭಯ ಇರುತ್ತೆ ಅಂತ ಲಗೇಜಿನಿಂದ ತೆಗೆಸುತ್ತಾರೆ.

ಇನ್ನೊಂದು ಮಾತು. ಇದನ್ನು ದಯವಿಟ್ಟು ನಿಮ್ಮ ಅತ್ತೆಗೆ ಓದಿ ಹೇಳಿ. ಗಸಗಸೆ ಒಂದು ಚಮಚವೂ ಬೇಡ. ದುಬೈ ಇರೋ ಯುಎಇಯಲ್ಲಿ ಅದು ನಿಷೇಧಿತ ಪದಾರ್ಥ, ಸಿಂಗಪುರದಲ್ಲೂ ಹಾಗೆಯೇ. ಅಫೀಮಿನ ಗಿಡದ ಬೀಜ ಅನ್ನೋದೇ ಕಾರಣ. ನಮ್ಮ ಕಡೆ ಪಾಯಸಕ್ಕೆ, ಮಸಾಲೆಗೆ ಸುಮ್ನೆ ಹಾಕೋ ವಸ್ತು ಅಲ್ಲಿ ಕೇಸ್ ಆಗಿಬಿಡುತ್ತದೆ. ಮಗನಿಗೆ ಅಂತ ಪ್ರೀತಿಯಿಂದ ಕಟ್ಟುವ ಅಂಟಿನುಂಡೆಯಲ್ಲೂ ಗಸಗಸೆ ಇರುತ್ತದೆ, ಅಲ್ವಾ? ಅದನ್ನು ಹಾಕದೇ ಉಂಡೆ ಕಟ್ಟಿ, ಇಲ್ಲವೇ ಶೇಂಗಾ ಉಂಡೆ ಕಳಿಸಿ. ವಯಸ್ಸಾದವರು ಭಾಷೆ ಬಾರದ ಊರಲ್ಲಿ ಅಧಿಕಾರಿಗಳ ಮುಂದೆ ನಿಲ್ಲೋ ಹಾಗೆ ಆಗಬಾರದು.

ಈಗ ವಿಮಾನದ ಊಟ. ಮೊದಲು ಟಿಕೆಟ್ ನೋಡಿ, ಊಟ ಸೇರಿದೆಯಾ ಅಂತ. ಕಡಿಮೆ ದರದ ವಿಮಾನಗಳಲ್ಲಿ ಸಾಮಾನ್ಯವಾಗಿ ದುಡ್ಡು ಕೊಟ್ಟೇ ತಗೋಬೇಕು. ಸೇರಿದ್ದರೆ, ಹೊರಡುವ 24 ಗಂಟೆ ಮೊದಲಾದರೂ, ಎರಡು ದಿನ ಮೊದಲೇ ಆದರೆ ಇನ್ನೂ ಒಳ್ಳೆಯದು, ಬೇಕಾದ ಊಟ ಬರೆಸಿಬಿಡಿ. ಇಲ್ಲೇ ತುಂಬಾ ಜನ ಎಡವುತ್ತಾರೆ. ‘ಹಿಂದೂ ಮೀಲ್’ ಅಂತ ಒಂದಿದೆ, ಎಚ್‌ಎನ್‌ಎಂಎಲ್ ಅಂತ ಬರೆದಿರುತ್ತಾರೆ. ಹೆಸರು ನೋಡಿ ಅದು ಸಸ್ಯಾಹಾರ ಅಂದುಕೊಳ್ಳಬೇಡಿ, ಅದರಲ್ಲಿ ಮಾಂಸ ಇರುತ್ತದೆ, ದನದ ಮಾಂಸ ಮಾತ್ರ ಇರೋದಿಲ್ಲ. ನಿಮ್ಮವರಿಗೆ ಬೇಕಾಗಿರೋದು ಎವಿಎಂಎಲ್, ನಮ್ಮ ದೇಶದ ಮಸಾಲೆಯ ಸಸ್ಯಾಹಾರ. ವಿಜಿಎಂಎಲ್ ಬರೆಸಿದರೆ ಹಾಲು, ಮೊಸರು, ತುಪ್ಪ ಏನೂ ಬರೋದಿಲ್ಲ. ಶುಗರ್ ಇರುವವರಿಗೆ ಡಿಬಿಎಂಎಲ್ ಅಂತ ಬೇರೆ ಇದೆ, ಆದರೆ ಅದು ಸಸ್ಯಾಹಾರವೇ ಆಗಿರಬೇಕು ಅಂತೇನಿಲ್ಲ. ಹಾಗಾಗಿ ಮಾವನಿಗೂ ಎವಿಎಂಎಲ್ ಬರೆಸಿ, ತಟ್ಟೆಯಲ್ಲಿನ ಸಿಹಿಯನ್ನು ಬದಿಗಿಡಿ ಅಂತ ಹೇಳಿ. ಅವರು ಇನ್ಸುಲಿನ್ ತಗೊಳ್ಳುತ್ತಿದ್ದರೆ ಅದು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇರಬೇಕು. ಕೆಳಗೆ ಲಗೇಜಿನ ಜಾಗದಲ್ಲಿ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಊಟದ ಹೊತ್ತು ಹಿಂದೆಮುಂದೆ ಆಗುತ್ತಿರುತ್ತದೆ, ಸೂಜಿ ಯಾವಾಗ ಚುಚ್ಚಿಕೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಲಿ.

ರುಚಿಯ ಬಗ್ಗೆ ನಿಮ್ಮ ಮೈದುನ ಹೇಳಿದ್ದು ನಿಜ. ಆದರೆ ತಪ್ಪು ಅಡುಗೆ ಮಾಡಿದವರದ್ದು ಅಂತ ಹೇಳೋಕೆ ಬರೋದಿಲ್ಲ. ವಿಮಾನದ ಒಳಗಿನ ಗಾಳಿಯ ಒತ್ತಡ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗೆ ಇರುತ್ತದೆ. ಗಾಳಿಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ. ಮೂಗು ಒಣಗುತ್ತದೆ, ಮೂಗು ಒಣಗಿದರೆ ವಾಸನೆ ಹೋಯಿತು, ವಾಸನೆ ಹೋದರೆ ರುಚಿ ಎಲ್ಲಿಂದ ಬರಬೇಕು? ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ಕಂಪನಿಗಾಗಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಅಲ್ಲಿ ಉಪ್ಪು, ಸಿಹಿ ಎರಡೂ ನಾಲಿಗೆಗೆ ಕಡಿಮೆ ತಿಳಿದವು. ಅದರ ಮೇಲೆ ಎಂಜಿನ್ ಸದ್ದು, ಅದೂ ಸಿಹಿಯನ್ನು ಮಂಕು ಮಾಡುತ್ತದೆ. ಟೊಮ್ಯಾಟೊದಂಥ ರುಚಿ ಮಾತ್ರ ಸದ್ದಿನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಇನ್ನು ಊಟವನ್ನು ಅಲ್ಲೇ ಬೇಯಿಸೋದಿಲ್ಲ. ನೆಲದ ಮೇಲೆ ಮಾಡಿ, ಕೂಡಲೇ ತಣ್ಣಗೆ ಮಾಡಿಟ್ಟು, ಮೇಲೆ ಬಿಸಿಗಾಳಿಯ ಓವನ್‌ನಲ್ಲಿ ಕಾಯಿಸಿ ಕೊಡುತ್ತಾರೆ. ಒಣಗಿದ ಪದಾರ್ಥ ಇನ್ನೂ ಒಣಗುತ್ತದೆ. ಹಾಗಾಗಿ ಎರಡರಲ್ಲಿ ಒಂದು ಆರಿಸಿ ಅಂದರೆ ಗ್ರೇವಿ ಇರೋದನ್ನೇ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪಕ್ಕದಲ್ಲಿ ಒಂದು ಚಿಟಿಕೆ ಶೇಂಗಾ ಹಿಂಡಿ ಇದ್ದರೆ ಆ ಸಪ್ಪೆ ಅನ್ನಕ್ಕೂ ಜೀವ ಬರುತ್ತದೆ. ಹೊರಡುವ ದಿನ ಮಿರ್ಚಿ, ಒಗ್ಗರಣಿ ಮಂಡಕ್ಕಿ, ಸೋಡಾ ಬೇಡ. ಮೇಲೆ ಹೋದಂತೆ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ, ಕೂತಲ್ಲೇ ಸಂಕಟ. ನೀರು ಜಾಸ್ತಿ ಕುಡಿಯಲಿ.

ಪ್ರಶ್ನೆ: ಮಗಳ ಜೊತೆ ಯುರೋಪ್ ಪ್ಯಾಕೇಜ್ ಟೂರ್ ಮುಗಿಸಿ ಬಂದೆವು. ಫೋನ್ ತುಂಬಾ ಫೋಟೋ ಇದೆ. ಆದರೆ ಐಫೆಲ್ ಗೋಪುರ ಹೇಗಿತ್ತು ಅಂತ ಮನೆಯಲ್ಲಿ ಕೇಳಿದರೆ ‘ಭಾಳ ಎತ್ತರ’ ಅನ್ನೋದು ಬಿಟ್ಟು ಏನೂ ಹೇಳೋಕೆ ಬರುತ್ತಿಲ್ಲ. ಬೇಸರ ಆಗುತ್ತದೆ. ನನ್ನ ವಯಸ್ಸಿನ ತೊಂದರೆಯಾ ಇದು?
– ನಿವೃತ್ತ ಶಿಕ್ಷಕರು, ಗಂಗಾವತಿ

ಉತ್ತರ: ಅಲ್ಲವೇ ಅಲ್ಲ ಮೇಷ್ಟ್ರೇ. ಇದು ವೇಳಾಪಟ್ಟಿಯ ತೊಂದರೆ. ಬಸ್ಸಿನಿಂದ ಇಳಿಸಿ, ಅರ್ಧ ಗಂಟೆ ಕೊಟ್ಟು, ಅದರಲ್ಲೇ ಫೋಟೋ, ಶೌಚಾಲಯ, ಐಸ್‌ಕ್ರೀಮ್ ಎಲ್ಲ ಮುಗಿಸಿ ಅಂದರೆ ಯಾರ ತಲೆಯಲ್ಲಿ ಏನು ನಿಲ್ಲುತ್ತದೆ? ಇಷ್ಟು ದುಡ್ಡು ಕೊಟ್ಟು ಹೋದವರಿಗೆ ಒಂದು ಜಾಗದಲ್ಲಿ ನಿಂತು ನೋಡೋಕೆ ಬಿಡದಿರೋದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಪಟ್ಟಿಯಲ್ಲಿ ಊರು ಜಾಸ್ತಿ ಇದ್ದಷ್ಟೂ ಟೂರ್ ಒಳ್ಳೆಯದು ಅನ್ನೋ ಲೆಕ್ಕವನ್ನು ನಾವೂ ಬಿಡಬೇಕು.

ನಿಮ್ಮ ಫೋಟೋಗಳನ್ನೇ ಈಗ ತೆಗೆದು ನೋಡಿ. ಗೋಪುರದ ಮೊದಲ ಅಂತಸ್ತಿನ ಕೆಳಗೆ, ನಾಲ್ಕೂ ಬದಿಗೆ, ಪಟ್ಟಿಯಂತೆ ಅಕ್ಷರಗಳು ಕಾಣುತ್ತವಾ? ಫೋಟೋ ದೊಡ್ಡದು ಮಾಡಿ. ಅವು ಹೆಸರುಗಳು. ಫ್ರಾನ್ಸಿನ 72 ಮಂದಿ ವಿಜ್ಞಾನಿಗಳು, ಎಂಜಿನಿಯರುಗಳು, ಗಣಿತಜ್ಞರ ಹೆಸರುಗಳು. ಶಾಲೆಯಲ್ಲಿ ನೀವು ಮಕ್ಕಳಿಗೆ ಕಲಿಸಿದ ಆಂಪಿಯರ್, ಕೂಲಂಬ್ ಇಬ್ಬರೂ ಅಲ್ಲಿದ್ದಾರೆ. 1889ರ ಜಾಗತಿಕ ಪ್ರದರ್ಶನಕ್ಕಾಗಿ ಕಟ್ಟಿದ ಗೋಪುರ ಅದು. 20 ವರ್ಷ ಆದ ಮೇಲೆ ಬಿಚ್ಚಿ ಹಾಕಬಹುದು ಅಂತಲೇ ಕರಾರು ಇತ್ತು. ತುದಿಯಲ್ಲಿ ರೇಡಿಯೊ ತಂತಿ ಕಟ್ಟಿ ಸಂದೇಶ ಕಳಿಸೋಕೆ ಅನುಕೂಲ ಆಯಿತು ಅಂತ ಉಳಿಸಿಕೊಂಡರು. ಈಗ ಆಂಟೆನಾ ಸೇರಿ 330 ಮೀಟರ್ ಎತ್ತರ. ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗಿ ಇನ್ನೊಂದಿಷ್ಟು ಸೆಂಟಿಮೀಟರ್ ಬೆಳೆಯುತ್ತದೆ. ಇದನ್ನೆಲ್ಲ ಮನೆಯಲ್ಲಿ ಹೇಳಿ. ಫೋಟೋ ತೋರಿಸಿಕೊಂಡು ಹೇಳಿದರೆ ಮೊಮ್ಮಕ್ಕಳು ಬಿಡೋದಿಲ್ಲ ನೋಡಿ.

ಮುಂದಿನ ಪ್ರವಾಸಕ್ಕೆ ಮೊದಲು ಹತ್ತಿರದಲ್ಲೇ ಒಂದು ಅಭ್ಯಾಸ ಮಾಡಿ ಅನ್ನೋದು ನನ್ನ ಸಲಹೆ. ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗಿ. ಇಡೀ ಮಧ್ಯಾಹ್ನ ಅದಕ್ಕೇ ಕೊಡಿ. 1112ರಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ. ಅಲ್ಲಿನ ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಮಂಟಪದಲ್ಲಿ ಒಂದು ಕಂಬದ ಹತ್ತಿರ ಸುಮ್ನೆ ಕೂತುಕೊಳ್ಳಿ. ತಿರುಗಣಿಯಲ್ಲಿ ಕಡೆದ ಬಳೆಗಳಂಥ ಉಂಗುರಗಳು, ಒಂದರ ಅಂಚು ಇನ್ನೊಂದಕ್ಕಿಂತ ಚೂಪು. ಬೆರಳು ಆಡಿಸಬೇಕು ಅನ್ನಿಸುತ್ತದೆ, ಆಡಿಸಬೇಡಿ, ಕೈಯ ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ. ಬಿಸಿಲು ಇಳಿದಂತೆ ಆ ಅಂಚುಗಳ ಮೇಲೆ ನೆರಳು ಸರಿಯೋದು ಅರ್ಧ ಗಂಟೆಯಲ್ಲಿ ಕಾಣೋದಿಲ್ಲ. ಹೀಗೆ ನೋಡೋದು ರೂಢಿಯಾದರೆ ಪ್ಯಾರಿಸ್ಸಿನಲ್ಲೂ ಕಣ್ಣು ತಾನಾಗಿ ನಿಲ್ಲುತ್ತದೆ.

ಪ್ರಶ್ನೆ: ಅಮೆರಿಕದಿಂದ ನಮ್ಮ ಚಿಕ್ಕಪ್ಪನ ಮಕ್ಕಳು ಬರುತ್ತಿದ್ದಾರೆ. ಹಂಪಿ ನೋಡಿ ಆಗಿದೆ. ‘ರಾಯಚೂರಿನಲ್ಲಿ ಬಿಸಿಲು ಬಿಟ್ಟು ಏನಿದೆ’ ಅಂತ ಕೇಳುತ್ತಿದ್ದಾರೆ. ಏನು ತೋರಿಸಲಿ?
– ಕಾಲೇಜು ವಿದ್ಯಾರ್ಥಿ, ರಾಯಚೂರು

ಉತ್ತರ: ತಮ್ಮಾ, ಮೊದಲು ಅವರನ್ನು ನಿಮ್ಮೂರ ಕೋಟೆಗೇ ಕರೆದುಕೊಂಡು ಹೋಗು. ಒಳಕೋಟೆಯ ಗೋಡೆಯಲ್ಲಿ ಒಂದು ಉದ್ದನೆ ಕಲ್ಲಿದೆ, ಸುಮಾರು 41 ಅಡಿ. ಒಂದೇ ಕಲ್ಲು. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಗೋರೆ ಗನ್ನಯ ರೆಡ್ಡಿಯ ಅಪ್ಪಣೆಯಂತೆ ವಿಠಲನಾಥ ಈ ಕೋಟೆ ಕಟ್ಟಿಸಿದ ಅಂತ ಅದರ ಮೇಲೆ ತೆಲುಗಿನಲ್ಲಿ ಕೆತ್ತಿದೆ. ಎಲ್ಲರೂ ಉದ್ದ ನೋಡಿ ‘ಅಬ್ಬಾ’ ಅಂದು ಮುಂದೆ ಹೋಗುತ್ತಾರೆ. ನೀನು ನಿಲ್ಲಿಸು. ಅದರ ಹತ್ತಿರವೇ ಗೋಡೆಯ ಮೇಲೆ ಸಣ್ಣದಾಗಿ ಒಂದು ಚಿತ್ರ ಗೀರಿದ್ದಾರೆ. ಅಷ್ಟು ದೊಡ್ಡ ಕಲ್ಲನ್ನು ಗಾಲಿಬಂಡಿಯ ಮೇಲೆ ಹೇರಿ, ಸಾಲುಗಟ್ಟಿದ ಜಾನುವಾರುಗಳಿಂದ ಎಳೆಸಿಕೊಂಡು ಬರುತ್ತಿರೋ ಚಿತ್ರ. ಕ್ರೇನ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ತಂದರು ಅನ್ನೋ ಪ್ರಶ್ನೆಗೆ ಉತ್ತರವನ್ನು ಅವರೇ ಬರೆದಿಟ್ಟು ಹೋಗಿದ್ದಾರೆ. ಇದಕ್ಕಿಂತ ಖುಷಿ ಕೊಡೋ ವಿಷಯ ನನಗೆ ನಮ್ಮ ಕಡೆ ಬೇರೆ ಸಿಕ್ಕಿಲ್ಲ. ಏಕ್ ಮಿನಾರ್ ಮಸೀದಿಯನ್ನೂ ಅದೇ ದಿನ ನೋಡಬಹುದು, 1513ರದ್ದು.

ಇನ್ನೊಂದು ದಿನ ಮಸ್ಕಿ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನೋ ಎಂಜಿನಿಯರ್‌ಗೆ ಅಲ್ಲಿ ಅಶೋಕನ ಶಾಸನ ಸಿಕ್ಕಿತು. ‘ದೇವಾನಾಂಪ್ರಿಯ’ ಅನ್ನೋ ಬಿರುದಿನ ಜೊತೆಗೆ ಅಶೋಕ ಅನ್ನೋ ಹೆಸರೂ ಸ್ಪಷ್ಟವಾಗಿ ಇದ್ದದ್ದು ಮೊದಲು ಕಂಡಿದ್ದು ಇಲ್ಲೇ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲೂ ಸಿಕ್ಕಿತು. ಚಕ್ರವರ್ತಿಯ ಹೆಸರನ್ನು ದೇಶಕ್ಕೆ ಖಚಿತ ಮಾಡಿಕೊಟ್ಟ ಬಂಡೆ ನಮ್ಮ ಬಿಸಿಲಿನಲ್ಲೇ ಇದೆ ಅಂತ ಅವರಿಗೆ ಹೇಳು.

ನಡೆಯೋಕೆ ಗಟ್ಟಿ ಇದ್ದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್. ಗುಡ್ಡ ಹತ್ತಬೇಕು, ಅಲ್ಲಿ ಅಂಗಡಿ ಇಲ್ಲ, ನೆರಳೂ ಕಡಿಮೆ. ಬೆಳಗ್ಗೆ ಬೇಗ ಹೊರಟು, ನೀರು ಹೊತ್ತುಕೊಂಡು, ದಾರಿ ಗೊತ್ತಿರೋ ಊರಿನವರನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋರಿಗಳು, ಕೆಲವಕ್ಕೆ ದುಂಡನೆ ಕಿಂಡಿ, ನೋಡೋಕೆ ಪುಟ್ಟ ಮನೆಗಳೇ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ 2021ರಲ್ಲಿ ಸೇರಿದೆ. ಕಲ್ಲಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳೋಕೆ ಬಿಡಬೇಡ.

ಪ್ರಶ್ನೆ: ವಿಮಾನದಲ್ಲಿ ಚಹಾ ಯಾಕೆ ಅಷ್ಟು ಪೇಲವ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಒತ್ತಡ ಕಡಿಮೆ ಇರೋದರಿಂದ ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಚಹಾಪುಡಿ ಪೂರ್ತಿ ಬಿಡೋದಿಲ್ಲ. ನಮ್ಮ ಕಡೆ ಹಾಲು ಹಾಕಿ ಕುದಿಸಿ ಕುದಿಸಿ ಇಳಿಸೋ ರೂಢಿ. ಅಲ್ಲಿ ಪೊಟ್ಟಣ ಅದ್ದಿ ಕೊಡುತ್ತಾರೆ. ಇಳಿದ ಮೇಲೆ ಕುಡಿಯಿರಿ.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿರುವ ಗೆಳತಿಗೆ ಕಿನ್ನಾಳ ಬೊಂಬೆ ಒಯ್ಯಬಹುದಾ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಒಯ್ಯಿರಿ, ಅದಕ್ಕಿಂತ ಒಳ್ಳೆಯ ಉಡುಗೊರೆ ನಮ್ಮ ಜಿಲ್ಲೆಯಿಂದ ಇನ್ನೇನಿದೆ. ಹಗುರ ಮರ, ತೂಕದ ಚಿಂತೆ ಇಲ್ಲ. ಆದರೆ ಮರದ ವಸ್ತು ತಂದಿದ್ದೇನೆ ಅಂತ ಇಳಿಯುವ ಮೊದಲು ಕೊಡುವ ಘೋಷಣೆ ಚೀಟಿಯಲ್ಲಿ ಬರೆಯಲೇಬೇಕು. ಹುಳು ಹಿಡಿದ ಗುರುತು, ತೊಗಟೆ ಇಲ್ಲದಿದ್ದರೆ ನೋಡಿ ಬಿಡುತ್ತಾರೆ. ಬರೆಯದೇ ಸಿಕ್ಕಿಬಿದ್ದರೆ ದಂಡ ಜೋರು. ಕಿನ್ನಾಳಕ್ಕೇ ಹೋಗಿ ಕಲಾವಿದರ ಮನೆಯಲ್ಲಿ ಕೊಳ್ಳಿ, ಬಣ್ಣ ಪೂರ್ತಿ ಒಣಗಿದೆಯಾ ಕೇಳಿ, ಗರುಡನ ರೆಕ್ಕೆಯಂಥ ಚಾಚಿದ ಭಾಗಕ್ಕೆ ಹಳೇ ಹತ್ತಿ ಬಟ್ಟೆ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ.