ಕೆರ್ರಿಯ ಕಪ್ಪು ಹಸುವನ್ನು ಮಲೆನಾಡಿಗೆ ತರಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಕೆಲಸದ ಮೇಲೆ ಐರ್ಲೆಂಡಿನ ಕಾರ್ಕ್‌ನಲ್ಲಿದ್ದೇನೆ. ಕಿಲಾರ್ನಿಯಲ್ಲಿ ಪುಟ್ಟ ಕಪ್ಪು ಹಸುಗಳನ್ನು ಕಂಡು ನಮ್ಮ ಮಲೆನಾಡು ಗಿಡ್ಡ ನೆನಪಾಯಿತು. ಕೆರ್ರಿಗೋಲ್ಡ್ ಬೆಣ್ಣೆ ಇವುಗಳ ಹಾಲಿನದ್ದೇ? ಬೇರೆ ಕಡೆ ಇವು ಯಾಕೆ ಕಾಣುವುದಿಲ್ಲ? ಇವುಗಳ ವೀರ್ಯ ತರಿಸಿ ಊರಿನ ಗಿಡ್ಡಗಳಿಗೆ ಕೊಡಿಸಬಹುದೇ?

ಉತ್ತರ: ನೀವು ನೋಡಿದ್ದು ಕೆರ್ರಿ ತಳಿ. ಕಿಲಾರ್ನಿ ರಾಷ್ಟ್ರೀಯ ಉದ್ಯಾನದಲ್ಲಿ ಇವುಗಳ ಒಂದು ಹಿಂಡನ್ನು ಕಾಪಾಡಿಕೊಂಡು ಬಂದಿದ್ದಾರೆ. ಯುರೋಪಿನ ತೀರ ಹಳೆಯ ಹಾಲಿನ ತಳಿಗಳಲ್ಲಿ ಇದೂ ಒಂದು.

ಬೆಣ್ಣೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅಲ್ಲ. 1962ರಲ್ಲಿ ಮಾರುಕಟ್ಟೆಗೆ ಬಂದ ಆ ಬೆಣ್ಣೆಗೆ ಐರ್ಲೆಂಡಿನ ಎಲ್ಲ ಕಡೆಯ ಹಾಲು ಹೋಗುತ್ತದೆ. ಅದರಲ್ಲಿ ಹೆಚ್ಚಿನದು ಕಪ್ಪು-ಬಿಳುಪಿನ ಫ್ರೀಷಿಯನ್ ಜಾತಿಯ ಹಸುಗಳದ್ದು. ಆದರೆ ಕೆರ್ರಿ ಸೀಮೆಗೂ ಬೆಣ್ಣೆಗೂ ನಂಟು ಬಹಳ ಹಳೆಯದು. 18ನೇ ಶತಮಾನದಲ್ಲಿ ಅಲ್ಲಿನ ರೈತರು ಉಪ್ಪು ಬೆರೆಸಿದ ಬೆಣ್ಣೆಯನ್ನು ಮರದ ಪೀಪಾಯಿಗಳಲ್ಲಿ ತುಂಬಿ, ಬೆಟ್ಟ ದಾಟಿ ನೀವಿರುವ ಕಾರ್ಕ್‌ಗೇ ಸಾಗಿಸುತ್ತಿದ್ದರು. ಅಲ್ಲಿಂದ ಅದು ಹಡಗು ಹತ್ತಿ ವೆಸ್ಟ್ ಇಂಡೀಸ್‌ವರೆಗೂ ಹೋಗುತ್ತಿತ್ತು.

ಕೆರ್ರಿ ಅಟ್ಲಾಂಟಿಕ್ ಕಡಲಂಚಿನ ಸೀಮೆ. ವ್ಯಾಲೆನ್ಷಿಯಾ ದ್ವೀಪದ ಬಳಿ ವರ್ಷಕ್ಕೆ 1,500 ಮಿ.ಮೀ.ಗೂ ಜಾಸ್ತಿ ಮಳೆ. ಹುಲ್ಲಿಗೆ ಬರವಿಲ್ಲ, ಆದರೆ ಬೆಟ್ಟದ ಮೇಲಿನದು ಒರಟು, ಸಾರವಿಲ್ಲದ ಹುಲ್ಲು. ನೆಲವೂ ಜೌಗು. ಅಲ್ಲಿ ಭಾರದ ಹಸು ಬಿಟ್ಟರೆ ಗೊರಸು ಹೂತು ಹುಲ್ಲುಗಾವಲೇ ಕೆಸರುಗದ್ದೆಯಾಗುತ್ತದೆ. ಕೆರ್ರಿ ಹಸುವಿನ ತೂಕ ಸುಮಾರು 350ರಿಂದ 450 ಕಿಲೋ ಅಷ್ಟೇ. ಕಡಿಮೆ ಮೇವಿನಲ್ಲೇ ಒಂದು ಸೂಲಿಗೆ 3,000 ಕಿಲೋಗೂ ಮಿಕ್ಕಿ ಹಾಲು ಕೊಡುತ್ತದೆ, ಜಿಡ್ಡು ಶೇ 4ರ ಆಸುಪಾಸು. ವಯಸ್ಸಾದರೂ ಕರು ಹಾಕುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಇದು ತುಂಬ ಒಳ್ಳೆಯ ಲೆಕ್ಕ!

ಹಾಗಾದರೆ ಕಡಿಮೆಯಾಗಿದ್ದು ಯಾಕೆ? ಡೇರಿಯವರಿಗೆ ಬೇಕಾಗಿದ್ದು ಜಾಸ್ತಿ ಲೀಟರ್. ಅದನ್ನು ಫ್ರೀಷಿಯನ್ ಕೊಟ್ಟಿತು. ಅದರ ಗಂಡುಗರು ಬೇಗ ಮೈ ತುಂಬಿಕೊಂಡು ಮಾಂಸಕ್ಕೂ ಬೆಲೆ ತರುತ್ತಿತ್ತು. ಕೆರ್ರಿಯ ಗಂಡುಗರು ನಿಧಾನಕ್ಕೆ ಬೆಳೆಯುತ್ತದೆ, ಅದಕ್ಕೆ ಗಿರಾಕಿ ಕಡಿಮೆ. 1890ರಲ್ಲೇ ತಳಿ ದಾಖಲೆ ಶುರುವಾಗಿದ್ದರೂ, 1980ರ ದಶಕದ ಹೊತ್ತಿಗೆ ಜಗತ್ತಿನಲ್ಲೆಲ್ಲ ಸೇರಿ ಸುಮಾರು 200 ಶುದ್ಧ ತಳಿಯ ಹಸುಗಳಷ್ಟೇ ಉಳಿದಿದ್ದವು. ಆಮೇಲೆ ಸರ್ಕಾರದ ಸಹಾಯಧನ ಬಂತು, ಸಂಖ್ಯೆ ಚೇತರಿಸಿಕೊಂಡಿತು. ಈಗಲೂ ಅಪರೂಪವೇ.

ಇನ್ನು ವೀರ್ಯ ತರಿಸುವ ಮಾತು. ದಯವಿಟ್ಟು ಬೇಡ. ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ ಅನ್ನುವುದು ಸಣ್ಣ ತೊಡಕು. ದೊಡ್ಡ ತೊಡಕು ಗಾತ್ರದ್ದು. ಮಲೆನಾಡು ಗಿಡ್ಡ ಕೆರ್ರಿಗಿಂತ ತುಂಬಾ ಚಿಕ್ಕದು. ದೊಡ್ಡ ತಳಿಯ ಕರು ಹೊಟ್ಟೆಯಲ್ಲಿ ಬೆಳೆದರೆ ಹೆರಿಗೆ ಕಷ್ಟವಾಗಿ ತಾಯಿಯ ಜೀವಕ್ಕೇ ಅಪಾಯ ಆಗಬಹುದು. ಜೊತೆಗೆ ಕೆರ್ರಿ ತಂಪು ಸೀಮೆಯ, ಡುಬ್ಬವಿಲ್ಲದ ದನ. ನಮ್ಮ ಸೆಕೆ, ಉಣ್ಣೆ, ಉಣ್ಣೆಯಿಂದ ಬರುವ ಜ್ವರ ಇವನ್ನು ಗಿಡ್ಡ ತಾಳಿಕೊಳ್ಳುವ ಹಾಗೆ ಮಿಶ್ರ ತಳಿ ತಾಳಿಕೊಳ್ಳುವುದಿಲ್ಲ.

ನಿಮ್ಮ ಹಸುಗಳಿಗೆ ಒಳ್ಳೆಯ ಗಿಡ್ಡ ಹೋರಿಯನ್ನೇ ಹುಡುಕಿ. 2012ರಲ್ಲಿ ಮಲೆನಾಡು ಗಿಡ್ಡವೂ ಅಧಿಕೃತ ತಳಿಯಾಗಿ ನೋಂದಣಿಯಾಗಿದೆ. ಬೆದೆಗೆ ಬರುವ ಮೊದಲೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ಗಿಡ್ಡ ತಳಿಯ ವೀರ್ಯ ಸಿಗುತ್ತದೆಯೇ ಎಂದು ಮನೆಯವರಿಂದ ಕೇಳಿಸಿ.