ಅಪ್ಪ ಬಿ, ಅಮ್ಮ ಎ, ಮಗಳು ಮಾತ್ರ ಓ ಹೇಗೆ?

ಪ್ರಶ್ನೆ: ನನ್ನದು ಎ ಪಾಸಿಟಿವ್, ಗಂಡನದ್ದು ಬಿ ಪಾಸಿಟಿವ್. ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಮಗಳದ್ದು ಓ ನೆಗೆಟಿವ್ ಅಂತ ಬಂತು. ಅವತ್ತಿನಿಂದ ಅತ್ತೆ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಹೀಗಾಗುವುದು ಸಾಧ್ಯವೇ?
– ಓದುಗರೊಬ್ಬರು, ಕಾಪು

ಉತ್ತರ: ಖಂಡಿತ ಸಾಧ್ಯ. ನೀವು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಮನೆಯಲ್ಲಿ ಚೆನ್ನೆಮಣೆ ಇದ್ದರೆ ಅತ್ತೆಯನ್ನೂ ಕೂರಿಸಿಕೊಂಡು ಹೀಗೆ ಮಾಡಿ ನೋಡಿ. ಒಂದು ಗುಳಿಯಲ್ಲಿ ಒಂದು ಮಂಜೊಟ್ಟಿ, ಒಂದು ಹುಣಸೆ ಬೀಜ ಇಡಿ. ಅದು ನೀವು. ಇನ್ನೊಂದರಲ್ಲಿ ಒಂದು ಕಡಲೆ, ಒಂದು ಹುಣಸೆ ಬೀಜ. ಅದು ನಿಮ್ಮ ಗಂಡ. ಮಂಜೊಟ್ಟಿ ಅಂದರೆ ಎ, ಕಡಲೆ ಅಂದರೆ ಬಿ, ಹುಣಸೆ ಬೀಜ ಓ. ರಕ್ತದ ಗುಂಪಿನ ಜೀನ್ ನಮ್ಮೆಲ್ಲರಲ್ಲೂ ಎರಡೆರಡು ಇರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಪಕ್ಕದಲ್ಲಿ ಎ ಅಥವಾ ಬಿ ಕೂತಿದ್ದರೆ ಓ ಸುಮ್ನೆ ಅಡಗಿಕೊಂಡಿರುತ್ತದೆ, ರಿಪೋರ್ಟಿನಲ್ಲಿ ಕಾಣುವುದೇ ಇಲ್ಲ. ಈಗ ಕಣ್ಣು ಮುಚ್ಚಿ ಎರಡೂ ಗುಳಿಯಿಂದ ಒಂದೊಂದು ಕಾಳು ತೆಗೆಯಿರಿ. ಎಬಿ, ಎ, ಬಿ, ಓ ನಾಲ್ಕೂ ಬರಬಹುದು, ಅಲ್ವಾ? ನಾಲ್ಕರಲ್ಲಿ ಒಂದು ಸಲ ಎರಡೂ ಕೈಗೆ ಹುಣಸೆ ಬೀಜವೇ ಸಿಗುತ್ತದೆ. ಅದೇ ನಿಮ್ಮ ಮಗಳು.

ನೆಗೆಟಿವ್ ಕತೆಯೂ ಇದೇ, ಆದರೆ ಅದರ ಜೀನ್ ಬೇರೆ. ನಿಮ್ಮಿಬ್ಬರಲ್ಲೂ ಅದು ಅಡಗಿದ್ದರೆ ಅದಕ್ಕೂ ನಾಲ್ಕರಲ್ಲಿ ಒಂದು ಅವಕಾಶ. ಎರಡೂ ಸೇರಿ ಬರುವುದು ಹದಿನಾರರಲ್ಲಿ ಒಂದು. ಹೀಗೆ ಅಡಗಿಕೊಂಡು ಬರುವುದನ್ನು ಗ್ರೆಗರ್ ಮೆಂಡೆಲ್ ಬಟಾಣಿಯಲ್ಲಿ ತೋರಿಸಿ 1866ರಲ್ಲೇ ಬರೆದಿಟ್ಟಿದ್ದರು. ಗುಂಡಗಿನ ಬಟಾಣಿ, ಸುಕ್ಕು ಬಟಾಣಿ ಎರಡನ್ನೂ ಕೂಡಿಸಿದಾಗ ಬಂದ ಕಾಳೆಲ್ಲ ಗುಂಡಗೆ. ಮುಂದಿನ ತಲೆಮಾರಲ್ಲಿ 5,474 ಗುಂಡಗಿದ್ದರೆ 1,850 ಮತ್ತೆ ಸುಕ್ಕು.

ಅತ್ತೆಗೆ ಒಂದು ಮಾತು ಮೆತ್ತಗೆ ಹೇಳಿ. ಮಗಳ ಎರಡು ಓಗಳಲ್ಲಿ ಒಂದು ಅವರ ಮಗನೇ ಕೊಟ್ಟದ್ದು, ಆ ಮಗನಿಗೆ ಅದು ಬಂದದ್ದು ಅತ್ತೆಯಿಂದ, ಇಲ್ಲವೇ ಮಾವನಿಂದ.

ರಿಪೋರ್ಟನ್ನು ಮಾತ್ರ ಬ್ಲಡ್ ಬ್ಯಾಂಕಿನಲ್ಲಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ನೆಗೆಟಿವ್ ಹೌದಾದರೆ ಮಗಳಿಗೂ ಗೊತ್ತಿರಲಿ. ಮುಂದೆ ಅವಳು ಬಸುರಿಯಾದಾಗ ಡಾಕ್ಟರಿಗೆ ಮೊದಲೇ ಹೇಳಬೇಕು, ಹೊಟ್ಟೆಯ ಮಗು ಪಾಸಿಟಿವ್ ಆದರೆ ಅದರ ರಕ್ತದ ವಿರುದ್ಧ ಅವಳ ದೇಹ ತಿರುಗದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಪ್ರಶ್ನೆ: ಒಳ್ಳೆಯ ಮಟ್ಟುಗುಳ್ಳವನ್ನೇ (ನಮ್ಮೂರ ಗುಂಡಗಿನ ಹಸಿರು ಬದನೆ) ಆರಿಸಿ ಬೀಜ ಮಾಡಿದ್ದೆ. ಈ ವರ್ಷ ಕೆಲವು ಗಿಡದಲ್ಲಿ ಉದ್ದ ಕಾಯಿ, ನೇರಳೆ ಬಣ್ಣ. ಯಾಕೆ?
– ಓದುಗರೊಬ್ಬರು, ಕಟಪಾಡಿ

ಉತ್ತರ: ಹತ್ತಿರದಲ್ಲಿ ಯಾರೋ ನೇರಳೆ ಬದನೆ ಬೆಳೆಸಿರಬೇಕು, ಜೇನ್ನೊಣ ಅದರ ಪರಾಗ ತಂದಿದೆ. ನೀವು ಆರಿಸಿದ ಕಾಯಿಯ ತಿರುಳು, ಸಿಪ್ಪೆ ತಾಯಿ ಗಿಡದ್ದು, ಹಾಗಾಗಿ ಅಪ್ಪಟ ಗುಳ್ಳದಂತೆಯೇ ಕಂಡಿತು. ಬೆರಕೆಯಾದದ್ದು ಒಳಗಿನ ಬೀಜ. ಮುಂದಿನ ಸಲ ಬೀಜಕ್ಕೆ ಬಿಡುವ ಹೂವಿಗೆ ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿ, ದಿನಾ ಬೆಳಿಗ್ಗೆ ತೊಟ್ಟನ್ನು ಸ್ವಲ್ಪ ಅಲುಗಿಸಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಗುರುತಿಗೆ ಒಂದು ದಾರ ಕಟ್ಟಿಡಿ.